ಜಿಲಾನಿ ಮಾಸ್ತರರ ಪಾಲಿನ ಬೆಳೆ

ನಮ್ಮ ಜಿಲಾನಿ ಮಾಸ್ತರರ ಬಾಯಿಗೆ ಬಾರದ ಮಾತು ಜಗತ್ತಿನಲ್ಲಿ ಒಂದೇ ಒಂದಿತ್ತು. ‘ನನಗ ಗೊತ್ತಿಲ್ಲ’ ಎಂಬುದೇ ಆ ಮಾತು. ಹತ್ತೊಂಬತ್ತು ವರ್ಷ ಅವರ ಮಗ್ಗುಲ ಮನೆಯಲ್ಲಿ ಬಾಳಿದ್ದೇನೆ, ಎರಡು ಮನೆಗೂ ನಡುವೆ ಒಂದೇ ಗೋಡೆ. ಒಂದು ದಿನವೂ ಆ ಮಾತು ಗೋಡೆ ದಾಟಿ ಬಂದದ್ದಿಲ್ಲ. ಒಮ್ಮೆ ಗಂಗಾವತಿಗೆ ಅಕ್ಕಿ ತರಲು ಹೊರಟ ಲಾರಿಯವನೊಬ್ಬ ದಾರಿ ಕೇಳಿದ. ಮಾಸ್ತರರು ಜೇಬಿನಿಂದ ಚಾಕ್‌ಪೀಸು ತೆಗೆದು, ನೆಲದ ಮೇಲೆ ನಕ್ಷೆ ಬರೆದು, ಎಲ್ಲೆಲ್ಲಿ ಬೇವಿನಮರ ಎಲ್ಲೆಲ್ಲಿ ಸೇತುವೆ ಎಂದು ವಿವರಿಸಿ ಕಳಿಸಿದರು. ಲಾರಿ ಕುಷ್ಟಗಿ ಮುಟ್ಟಿತು. ಸಂಜೆ ಅವನು ಜಗಳಕ್ಕೆಂದೇ ತಿರುಗಿ ಬಂದಾಗ ಚಹಾ ಕುಡಿಸಿ ಇನ್ನೊಂದು ನಕ್ಷೆ ಬರೆದುಕೊಟ್ಟರು. ಆಮೇಲೆ ಅವನು ಎಲ್ಲಿ ಮುಟ್ಟಿದನೋ, ಊರಿಗೆ ಸುದ್ದಿ ಬಂದಿಲ್ಲ.

ನಾನು ಸುರೇಖಾ. ಇಪ್ಪತ್ತೆರಡು ವರ್ಷದಿಂದ ಈ ಊರಿನ ಅಂಚೆ ಕಚೇರಿ ನಡೆಸುತ್ತಿದ್ದೇನೆ. ತಳಕಲ್ಲಿಗೂ ಬೇವೂರಿಗೂ ನಡುವೆ ಎಲ್ಲೋ ಒಂದು ಕಡೆ ನಮ್ಮ ಊರು, ಹೆಸರು ಬರೆಯುವುದಿಲ್ಲ. ನಾಳೆ ಊರಿಗೊಂದು ಹೈಸ್ಕೂಲು ಬೇಕೆಂದು ಸರಕಾರವನ್ನು ಕೇಳಲು ಹೋದಾಗ ಯಾರಾದರೂ ಈ ಕಥೆ ತೆಗೆದು ತೋರಿಸಿದರೆ ಕಷ್ಟ. ನನ್ನ ಬಗ್ಗೆ ಹೇಳಬೇಕೆಂದರೆ ನಾನು ನಿಯಮದ ಹೆಂಗಸು. ಪಿನ್‌ಕೋಡ್ ಇಲ್ಲದ ಕಾಗದ ಮುಟ್ಟುವುದಿಲ್ಲ. ಇನ್ನೊಬ್ಬರ ಕಾಗದ ಓದುವುದಿಲ್ಲ. ಈ ಎರಡು ನಿಯಮಗಳಿಂದ ನಾನು ಊರಿನಲ್ಲಿ ಗಳಿಸಿದ ವೈರಿಗಳ ಪಟ್ಟಿ ಸಣ್ಣದಲ್ಲ.

ಕಳೆದ ವರ್ಷ ಜೂನ್ ತಿಂಗಳಲ್ಲಿ ಜಿಲಾನಿ ಮಾಸ್ತರರನ್ನು ಕೊಪ್ಪಳದ ಸಭೆಗೆ ಕರೆದರು. ಮಧ್ಯಾಹ್ನದ ಊಟಕ್ಕೆ ಹೋಳಿಗೆ ಇತ್ತಂತೆ. ಹೋಳಿಗೆ ಉಂಡು ಫ್ಯಾನಿನ ಕೆಳಗೆ ಕುಳಿತ ಮನುಷ್ಯನಿಗೆ ಏನಾಗುತ್ತದೋ ಅದೇ ಮಾಸ್ತರರಿಗೂ ಆಯಿತು. ಎಚ್ಚರಾದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಇವರೂ ತಟ್ಟಿ, ನಾಲ್ಕು ಪುಟದ ಸುತ್ತೋಲೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಸಂಜೆ ಬಸ್ಸಿಗೆ ಊರಿಗಿಳಿದರು.

ಇಳಿದದ್ದು ಸೀದಾ ಉಮರಸಾಬನ ಚಾದಂಗಡಿ ಮುಂದೆ. ಅಂಗಡಿ ನನ್ನ ಅಂಚೆ ಕಚೇರಿಯ ಎದುರಿಗೇ ಇರುವುದರಿಂದ ಅಲ್ಲಿ ನಡೆದದ್ದನ್ನೆಲ್ಲ ನಾನು ಕಂಡಿದ್ದೇನೆ, ಕೇಳಿದ್ದೇನೆ. ಬೆಂಚಿನ ಮೇಲೆ ವಿರೂಪಾಕ್ಷಪ್ಪನವರು ಕುಳಿತಿದ್ದರು. ಅವರು ಊರಿನ ದೊಡ್ಡ ಕುಳ, ಶಾಲೆಯ ಸಮಿತಿಗೆ ಅಧ್ಯಕ್ಷರು. ಅರವತ್ತು ಎಕರೆ ಹೊಲದಲ್ಲಿ ನಲವತ್ತನ್ನು ಪಾಲಿಗೆ ಕೊಟ್ಟವರು.

“ಏನ್ ಮಾಸ್ತರ್ರ, ಕೊಪ್ಪಳದಾಗ ಏನೋ ಮೀಟಿಂಗ್ ಆತಂತಲ್ಲ?”

“ಹೂನ್ರಿ. ಸರಕಾರ ಹೊಸಾ ಯೋಜನಾ ತಂದೈತಿ. ಆರಿಸಿದ ಸಾಲಿಗೋಳಿಗೆ ಅನುದಾನ. ನಮ್ಮ ಸಾಲ್ಯಾಗ ನನ್ನ ನಾಕನೇ ಕ್ಲಾಸು. ಮಾರ್ಚ್ ಪರೀಕ್ಷಾದಾಗ ಕ್ಲಾಸಿಗೆ ಸರಾಸರಿ ಅರವತ್ತು ಬಂತಂದ್ರ ಮಾಸ್ತರಿಗೆ ಒಂದ್ ತಿಂಗಳ ಪಗಾರ ಹೆಚ್ಚಿಗಿ.”

ವಿರೂಪಾಕ್ಷಪ್ಪನವರು ಚಹಾದ ಬಸಿ ಕೆಳಗಿಟ್ಟರು. “ಕಲಿಯೋರು ಹುಡುಗ್ರು. ಪರೀಕ್ಷಾ ಬರಿಯೋರು ಹುಡುಗ್ರು. ಮತ್ತ ರೊಕ್ಕ ಮಾಸ್ತರಿಗ್ಯಾಕ?”

ಈ ಪ್ರಶ್ನೆಗೆ ಸುತ್ತೋಲೆಯ ಎರಡನೇ ಪುಟದಲ್ಲಿ ಉತ್ತರವಿತ್ತು ಎಂದು ನಮ್ಮ ಹೆಡ್‌ಟೀಚರ್ ಹೇಮಾವತಿಯವರು ಆಮೇಲೆ ನನಗೆ ಹೇಳಿದರು. ಆದರೆ ಆ ಪುಟ ಜೇಬಿನಲ್ಲಿತ್ತು. ಎಂಟು ಜನ ಮಾಸ್ತರರ ಮುಖವನ್ನೇ ನೋಡುತ್ತಿದ್ದರು. ಇಂಥ ಹೊತ್ತಿನಲ್ಲಿ ‘ಗೊತ್ತಿಲ್ಲ, ಓದಿ ಹೇಳ್ತೀನಿ’ ಎಂದರೆ ಏನು ಗಂಟು ಹೋಗುತ್ತಿತ್ತು? ಅದನ್ನು ಅವರು ಅನ್ನಲಿಲ್ಲ.

“ಸರಳ ಐತ್ರಿ. ನೀವು ಹೊಲ ಪಾಲಿಗೆ ಕೊಡ್ತೀರಲ್ಲ, ಹಂಗ ತಿಳೀರಿ. ಹೊಲ ನಿಮ್ದು, ದುಡಿಮಿ ನಂದು. ಬೆಳಿ ಬಂತಂದ್ರ…”

“ಬೆಳಿ ಬಂತಂದ್ರ ಅರ್ಧಾ ಅರ್ಧ,” ಎಂದು ಎಂಟೂ ಜನ ಒಟ್ಟಿಗೆ ಹೇಳಿದರು.

ಮಾಸ್ತರರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಉಮರಸಾಬ ಸಕ್ಕರೆ ಹಾಕುವುದನ್ನು ಬಿಟ್ಟು ನಿಂತ. ಕೊನೆಗೆ ಅವರು ಗಂಟಲು ಸರಿಮಾಡಿಕೊಂಡು, “ಹಾಂ… ಹಂಗಂತ ತಿಳೀರಿ,” ಅಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಮ್ಮ ಸೀಮೆಯಲ್ಲಿ ಪಾಲಿನ ಹೊಲಕ್ಕೆ ಕಾಗದಪತ್ರ ಇರುವುದಿಲ್ಲ. ನಾಲ್ಕು ಜನರ ಮುಂದೆ ಆಡಿದ ಮಾತೇ ಕಾಗದ, ಕುಡಿದ ಚಹಾವೇ ಸಹಿ. ಯುಗಾದಿಗೆ ಪಾಲು ಹಂಚಿಕೊಂಡು ಮುಂದಿನ ವರ್ಷದ ಮಾತಾಡುವುದು ಅಜ್ಜ ಮುತ್ತಜ್ಜರ ಕಾಲದಿಂದ ಬಂದ ಪದ್ಧತಿ. ಕತ್ತಲಾಗುವುದರೊಳಗೆ ನಾಲ್ಕನೇ ಕ್ಲಾಸಿನ ಹತ್ತೊಂಬತ್ತು ಮಕ್ಕಳ ಮನೆಗೂ ಸುದ್ದಿ ಮುಟ್ಟಿತು: ಜಿಲಾನಿ ಮಾಸ್ತರರು ನಮ್ಮ ಹುಡುಗರನ್ನು ಪಾಲಿಗೆ ಮಾಡ್ಯಾರ.

ಮರುದಿನ ಹೇಮಾವತಿ ಟೀಚರು ಹಣೆ ಹಣೆ ಬಡಿದುಕೊಂಡರು. “ಸರ್, ಹೋಗಿ ತಪ್ಪು ತಿದ್ರಿ. ಇವತ್ತ ತಿದ್ರಿ. ನಾಳೆ ಇದು ಮರ ಆಗತೈತಿ.”

ಮಾಸ್ತರರು ತಿದ್ದಲೆಂದೇ ಹೋದರು. ಕಿರಾಣಿ ಅಂಗಡಿಯ ಕಸ್ತೂರೆಮ್ಮ ಅಡ್ಡ ನಿಂತಳು. ಅವಳ ಮಗನೂ ಅದೇ ಕ್ಲಾಸು. “ಮಾಸ್ತರ್ರ, ನಂದೊಂದು ಕೇಳ್ತೀನಿ. ನನ್ನ ಮಗಗ ಲೆಕ್ಕ ಬಂದಿದ್ದು ನಿಮ್ಮಿಂದಲ್ಲ, ನನ್ನ ಅಂಗಡ್ಯಾಗ ಚಿಲ್ಲರಿ ಎಣಿಸಿ. ಅಂದಮ್ಯಾಲೆ ನಂದು ಹೊಲಾನೂ ಐತಿ, ದುಡಿಮೀನೂ ಐತಿ. ನನಗ ಮುಕ್ಕಾಲು ಬರಬೇಕ್ರಿ.”

ಮಾಸ್ತರರಿಗೆ ಆಗ ಒಂದು ಉಪಾಯ ಹೊಳೆಯಿತು. ಹೆದರಿಸಿದರೆ ತಾವಾಗೇ ಬಿಡುತ್ತಾರೆ ಎಂದುಕೊಂಡರು. “ನೋಡ್ರಿ ಕಸ್ತೂರೆಮ್ಮ, ಪಾಲು ಅಂದಮ್ಯಾಲೆ ಲಾಭ ಅಷ್ಟ ಅಲ್ಲ, ನಷ್ಟಾನೂ ಅರ್ಧ ಹೊರಬೇಕಾಗತೈತಿ. ತಯಾರದೀರೇನು?”

ಅಂಗಡಿ ಮುಂದೆ ನಿಂತ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಸ್ತೂರೆಮ್ಮ ಎಣ್ಣೆಯ ಕೈ ಒರೆಸಿಕೊಂಡು ಗಂಭೀರವಾಗಿ, “ಅದು ಧರ್ಮ ಐತಲ್ರಿ. ಅದನ್ನೇನು ಕೇಳ್ತೀರಿ?” ಅಂದಳು. ಮುಕ್ಕಾಲಿನ ಮಾತು ಬಿಟ್ಟು ಅರ್ಧಕ್ಕೇ ಒಪ್ಪಿದಳು. ಮಾಸ್ತರರು ತಿದ್ದಲು ಹೋಗಿ ಇನ್ನೊಂದು ಕರಾರು ಮಾಡಿಕೊಂಡು ಬಂದರು.

ಆಮೇಲೆ ಊರು ತನ್ನ ಹೊಲವನ್ನು ನೋಡಿಕೊಳ್ಳತೊಡಗಿತು. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಮೊಟ್ಟೆ, ಹಾಲು, ನೆನೆಸಿದ ಬಾದಾಮಿ. ಐದನೇ ಕ್ಲಾಸಿನವರಿಗೆ ಮೊದಲಿನಂತೆ ಬರೀ ಚುರುಮುರಿ. ಒಬ್ಬ ತಂದೆ ಮಗನ ತಲೆಗೆ ಹರಳೆಣ್ಣೆ ಹಚ್ಚಿ ಹಚ್ಚಿ ಅವನ ಪಾಟಿಯ ಮೇಲೆ ಅಕ್ಷರವೇ ನಿಲ್ಲದಂತಾಯಿತು. ಒಳ್ಳೆಯದೇ ಆಯಿತು ಎನ್ನಿ. ದನ ಕಾಯಲು ಹೋಗುತ್ತಿದ್ದವರೂ ದಿನಾ ಶಾಲೆಗೆ ಬಂದರು. ಜಿಲಾನಿ ಮಾಸ್ತರರು ಕಲಿಸುವುದರಲ್ಲಿ ಕಡಿಮೆಯವರಲ್ಲ. ಸಂಜೆ ಮನೆಯಲ್ಲಿ ಅವರು ಮಕ್ಕಳಿಗೆ ಭಾಗಾಕಾರ ಹೇಳಿಕೊಡುವಾಗ ಗೋಡೆಯಾಚೆ ನಾನೂ ಕಲಿತಿದ್ದೇನೆ.

ಅವರಿಗೂ ಒಂದು ಆಸೆಯಿತ್ತು. ದೊಡ್ಡ ಮಗಳು ಚೊಚ್ಚಲ ಬಾಣಂತನಕ್ಕೆ ಏಪ್ರಿಲಿನಲ್ಲಿ ಬರುವವಳು. ಕಿನ್ನಾಳದ ಬಣ್ಣದ ತೊಟ್ಟಿಲು ಬೇಕೆಂದು ಹೆಂಡತಿ ಅನೀಸಾಳ ಬಯಕೆ. ಗಿಳಿ, ಹೂಬಳ್ಳಿ ಬರೆದದ್ದು. “ಆ ರೊಕ್ಕ ಬರ್ಲಿ, ಕಿನ್ನಾಳಕ್ಕ ಹೋಗಿ ನಾನ ಹೊತ್ಕೊಂಡ ಬರ್ತೀನಿ,” ಎಂದು ಮಾಸ್ತರರು ಹೇಳಿಬಿಟ್ಟಿದ್ದರು. ಅದರಲ್ಲಿ ಅರ್ಧ ಹತ್ತೊಂಬತ್ತು ಮನೆಗೆ ಹೋಗಬೇಕೆಂಬುದನ್ನು ಮಾತ್ರ ಹೇಳಿರಲಿಲ್ಲ. ಅನೀಸಾ ಅದನ್ನು ನೀರು ತರಲು ಹೋದಲ್ಲಿ ಕೇಳಿಕೊಂಡು ಬಂದಳು. ಆ ದಿನ ಗೋಡೆ ದಾಟಿ ಬಂದ ಮಾತುಗಳನ್ನು ನಾನಿಲ್ಲಿ ಬರೆಯುವುದಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ದಿನ ವಿರೂಪಾಕ್ಷಪ್ಪನವರು ಮೂವರನ್ನು ಕರೆದುಕೊಂಡು ಶಾಲೆಗೆ ಬೆಳೆ ನೋಡಲು ಬಂದರು. ನಾನು ಹೇಮಾವತಿ ಟೀಚರಿಗೆ ಬಂದ ರಿಜಿಸ್ಟರ್ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಹೋಗಿದ್ದೆ. ನಾಲ್ವರೂ ಕೈ ಹಿಂದೆ ಕಟ್ಟಿಕೊಂಡು ಕಿಟಕಿಯಲ್ಲಿ ನಿಂತರು.

“ಈ ಸಾಲು ಛಲೋ ಬಂದೈತಿ,” ಎಂದು ತಮ್ಮ ಮೊಮ್ಮಗ ಕುಳಿತ ಸಾಲು ನೋಡಿ ವಿರೂಪಾಕ್ಷಪ್ಪ ಹೇಳಿದರು. ಆಮೇಲೆ ಕಣ್ಣು ಕಿರಿದು ಮಾಡಿದರು. “ಆ ಮೂಲ್ಯಾಗಿಂದು ಯಾಕ್ರಿ ಹಂಗ?”

ಮೂಲೆಯಲ್ಲಿ ಮೆಹರಾಜ ಕುಳಿತಿದ್ದಳು. ಹತ್ತು ವರ್ಷದ ಹುಡುಗಿ. ಕೌದಿ ಹೊಲಿಯುವ ಹಸನಬೀಯ ಮಗಳ ಮಗಳು. ತಂದೆ ತಾಯಿ ಗಂಗಾವತಿ ಕಡೆ ಕಾಲುವೆ ನೀರಿನ ಗದ್ದೆಗಳಲ್ಲಿ ದುಡಿಯುತ್ತಾರೆ. ಭತ್ತದ ನಾಟಿ ಬಂದಾಗಲೆಲ್ಲ ಇವಳನ್ನೂ ಕರೆದೊಯ್ಯುತ್ತಾರೆ. ವರ್ಷಕ್ಕೆ ಮೂರು ತಿಂಗಳು ಶಾಲೆ ತಪ್ಪುತ್ತದೆ. ಜೂನಿನಲ್ಲಿ ಯೋಜನೆಯವರು ನಡೆಸಿದ ಮೊದಲ ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ಸೊನ್ನೆ. ಎಲ್ಲರ ಅಂಕದ ಹಾಳೆ ಶಾಲೆಯ ಗೋಡೆಗೆ ಹಚ್ಚಿದ್ದರಿಂದ ಅದು ಊರಿಗೆಲ್ಲ ಗೊತ್ತಿತ್ತು.

“ಕಳಿ ಬಿಟ್ರ ಬೆಳಿ ಏಳಂಗಿಲ್ಲ ಮಾಸ್ತರ್ರ,” ಎಂದರು ವಿರೂಪಾಕ್ಷಪ್ಪ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹೊಲದಲ್ಲಿ ಕಳೆ ಕಂಡಾಗ ಹೇಳುವ ಮಾತನ್ನೇ ಇಲ್ಲಿಯೂ ಹೇಳಿದರು ಅಷ್ಟೆ. “ಒಂದ್ ಕಳಿ ಸುತ್ತಿನ ನಾಕ ಗಿಡದ ಸಾರ ಹೀರತೈತಿ. ನೀವ ಹೇಳಿದ್ರೆಲ್ಲ, ಪರೀಕ್ಷಾ ದಿನ ಸಾಲಿಗೆ ಬಂದವರ ಲೆಕ್ಕ ಅಷ್ಟ ಹಿಡೀತಾರಂತ.”

ನಿಯಮ ಹಾಗೇ ಇತ್ತು. ಪಾಲಿನ ಮಾತು ಹುಟ್ಟಿದ ಮೇಲೆ ಮಾಸ್ತರರು ಆ ಸುತ್ತೋಲೆಯ ಬಗ್ಗೆ ಹೇಳಿದ್ದರಲ್ಲಿ ಸರಿಯಾದದ್ದು ಅದೊಂದೇ. ಅದೊಂದಾದರೂ ತಪ್ಪಾಗಿ ಹೇಳಬಾರದಿತ್ತೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಆಗ ಮಾಸ್ತರರು ಏನಾದರೂ ಅನ್ನಬೇಕಿತ್ತು. “ನೋಡೋಣ್ರಿ,” ಅಂದರು. ಮೂಲೆಯಲ್ಲಿ ಮೆಹರಾಜ ತಲೆ ಬಗ್ಗಿಸಿ ಪೆನ್ಸಿಲು ಕಚ್ಚುತ್ತಿದ್ದಳು. ಕೇಳಿಸಿತೋ ಇಲ್ಲವೋ ಎಂದು ನಾನು ನನ್ನನ್ನೇ ಸಮಾಧಾನ ಮಾಡಿಕೊಂಡು ಸಹಿ ತೆಗೆದುಕೊಂಡು ಬಂದೆ. ನಾನೂ ಏನೂ ಅನ್ನಲಿಲ್ಲವಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ಮಾರ್ಚ್ ಮೊದಲ ವಾರ ಪರೀಕ್ಷೆ. ಯಲಬುರ್ಗಾದಿಂದ ಗವಿಸಿದ್ದೇಶ ಎಂಬ ಅಧಿಕಾರಿ ಮೊಹರು ಹಾಕಿದ ಲಕೋಟೆ ಹಿಡಿದುಕೊಂಡು ಬಂದರು. ಇಸ್ತ್ರಿ ಮುರಿಯದ ಅಂಗಿ, ಸಣ್ಣ ವಯಸ್ಸು. ಲಕೋಟೆ ಒಡೆಯಲು ಶಾಲೆಗೆ ಸಂಬಂಧವಿಲ್ಲದ ಒಬ್ಬರು ಸಾಕ್ಷಿ ಬೇಕಂತೆ. ಊರಿನಲ್ಲಿ ನಾಲ್ಕನೇ ಕ್ಲಾಸಿನ ಬೆಳೆಗೆ ಸಂಬಂಧವಿಲ್ಲದವಳು ನಾನೊಬ್ಬಳೇ ಉಳಿದಿದ್ದರಿಂದ ನನ್ನನ್ನು ಕರೆಸಿದರು.

ಶಾಲೆಯ ಅಂಗಳದ ತುಂಬ ಜನ. ಮಕ್ಕಳಿಗೆ ಮೊಸರು ಸಕ್ಕರೆ ತಿನ್ನಿಸುವವರು, ದೃಷ್ಟಿ ತೆಗೆಯುವವರು. ಗವಿಸಿದ್ದೇಶ ಹಾಜರಿ ಕೂಗಿದರು.

“ಹತ್ತೊಂಬತ್ತರಾಗ ಹದಿನೆಂಟು ಹಾಜರ್ ಅದಾರ. ಮೆಹರಾಜ ಅನ್ನಾಕಿ ಗೈರು. ಇರ್ಲಿ ಬಿಡ್ರಿ ಸರ್, ಬಂದವರ ಸರಾಸರಿ ಅಷ್ಟ ತಗೀತೀವಿ. ನಿಮಗ ಲಾಭನ ಆತು.”

ಕಿಟಕಿಯಲ್ಲಿ ವಿರೂಪಾಕ್ಷಪ್ಪ ಸಮಾಧಾನದ ಉಸಿರು ಬಿಟ್ಟರು. “ನೋಡ್ರಿ, ತಾನ ಹೋತು.”

ಜಿಲಾನಿ ಮಾಸ್ತರರು ಖಾಲಿ ಜಾಗ ನೋಡಿದರು. ಅಲ್ಲಿ ಅವಳು ಕಚ್ಚಿದ ಪೆನ್ಸಿಲು ಬಿದ್ದಿತ್ತು. “ಆಕಿ ಎಲ್ಲಿ?” ಎಂದು ಕೇಳಿದರು. ಕಸ್ತೂರೆಮ್ಮನ ಮಗ ಎದ್ದು ನಿಂತು, “ಸರ, ಆಕಿ ಗಂಗಾವತಿಗೆ ಹೊಂಟಾಳ್ರಿ. ಭತ್ತದಾಗಿನ ಕಳಿ ತೆಗ್ಯಾಕ. ಇನ್ನ ಸಾಲಿಗೆ ಬರಂಗಿಲ್ಲಂತ,” ಅಂದ.

“ಸಾಹೇಬ್ರ, ಲಕೋಟಿ ಎಷ್ಟಕ್ಕ ಒಡೀತೀರಿ?”

“ಹತ್ತೂವರಿಗೆ.”

ಗಡಿಯಾರ ಹತ್ತು ಇಪ್ಪತ್ತು ತೋರಿಸುತ್ತಿತ್ತು. ಮಾಸ್ತರರು ಹೊರಗೆ ನಡೆದರು, ಅಂಗಳ ದಾಟಿದ ಮೇಲೆ ಓಡಿದರು. ಐವತ್ತೆರಡು ವರ್ಷದ, ಹೊಟ್ಟೆ ಬಂದ ಆ ಮನುಷ್ಯ ಓಡಿದ್ದನ್ನು ಊರು ಅದುವರೆಗೆ ನೋಡಿರಲಿಲ್ಲ. ಒಂದು ಚಪ್ಪಲಿ ಉಮರಸಾಬನ ಅಂಗಡಿ ಮುಂದೆಯೇ ಉಳಿಯಿತು.

ಹತ್ತು ನಿಮಿಷದಲ್ಲಿ ಹೋಗಿ ಬರಲು ಸಾಧ್ಯವಿಲ್ಲವೆಂದು ನನಗೆ ಗೊತ್ತಿತ್ತು. ನಾನು ಎದ್ದು ನಿಂತೆ. “ಸಾಹೇಬ್ರ, ಸಾಕ್ಷಿ ಇಲ್ದ ಮೊಹರು ಒಡ್ಯಾಕ ಬರತೈತೇನ್ರಿ?”

“ಬರಂಗಿಲ್ಲ ಅಕ್ಕಾರ.”

“ಹಂಗಾರ ಕುಂದರ್ರಿ. ಸಾಕ್ಷಿ ಹೊರಗ ಹೊಂಟಾಳ.”

ನಿಯಮದಿಂದ ಇಪ್ಪತ್ತೆರಡು ವರ್ಷದಲ್ಲಿ ನನಗೆ ಸಿಕ್ಕ ಸುಖ ಅದೊಂದೇ.

ಹಸನಬೀಯ ಮನೆ ಮುಂದೆ ಟಂಟಂ ಆಟೋ ನಿಂತಿತ್ತು. ಒಳಗೆ ಕೂಲಿಯ ಹೆಂಗಸರು ತುಂಬಿದ್ದರು. ಮೆಹರಾಜ ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಗಂಟು ಎದೆಗೆ ಅವಚಿಕೊಂಡಿದ್ದಳು. ಮಾಸ್ತರರು ಟಂಟಂ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು, ಮಾತು ಹೊರಡುತ್ತಿರಲಿಲ್ಲ.

ಹಸನಬೀ ಸೆರಗು ಸರಿಮಾಡಿಕೊಂಡು ಬಂದಳು. “ಯಾಕ್ರಿ ಸರ, ಪರೀಕ್ಷಾ ಬಿಟ್ಟು ಬಂದೀರಿ? ಹೋಗ್ರಿ, ಹೋಗ್ರಿ. ನಾವ ತಿಳಕೊಂಡೀವ್ರಿ. ನೀವು ನಮ್ಮ ಕೂಸಿಗೆ ನೋಟ್‌ಬುಕ್ ಕೊಟ್ಟೀರಿ, ಪೆನ್ಸಿಲ್ ಕೊಟ್ಟೀರಿ. ನಮ್ಮಿಂದ ನಿಮ್ಮ ಬೆಳಿ ಹಾಳಾದ್ರ ಅಲ್ಲಾ ಮೆಚ್ಚತಾನೇನ್ರಿ? ನಿಮ್ಮ ಮನ್ಯಾಗ ತೊಟ್ಲಾ ಬೇರೆ ಬರೋದೈತಂತ.”

“ಖಾಲಾ,” ಎಂದರು ಮಾಸ್ತರರು. “ಪಾಲೂ ಇಲ್ಲ, ಬೆಳೀನೂ ಇಲ್ಲ. ನಾ ಸುಳ್ಳ ಹೇಳೀನಿ. ಮೀಟಿಂಗಿನ್ಯಾಗ ನಿದ್ದಿ ಹೊಡದಿದ್ದೆ. ಕೇಳಿದಾಗ ನಾಚಿಕಿ ಬಂತು, ಬಾಯಿಗೆ ಬಂದಿದ್ದ ಹೇಳಿಬಿಟ್ಟೆ. ನನಗ ಗೊತ್ತಿರಲಿಲ್ಲ.”

ನಾನು ಗೋಡೆಗೆ ಕೈ ಕೊಟ್ಟು ನಿಂತೆ. ಹತ್ತೊಂಬತ್ತು ವರ್ಷ ಕಾದ ಮಾತು ಟಂಟಂ ಹಿಂದಿನ ಧೂಳಿನಲ್ಲಿ ನಿಂತು ಕೇಳಿದೆ.

ಹಸನಬೀಗೆ ನಂಬಿಕೆ ಬರಲಿಲ್ಲ. “ಅದು ಇರ್ಲಿ. ಈಕಿ ಬಂದು ಬರದ್ರ ನಿಮ್ಮ ರೊಕ್ಕ ಹೋಗತೈತೋ ಇಲ್ಲೋ, ಅದು ಹೇಳ್ರಿ.”

“ಗೊತ್ತಿಲ್ಲ ಖಾಲಾ. ಹೋದ್ರ ಹೋಗಲಿ.”

ಒಂದೇ ದಿನ ಎರಡು ಸಲ! ಟಂಟಂನವನು ಹಾರ್ನ್ ಹೊಡೆದ. ಮೆಹರಾಜ ಕಾಲು ಇಳಿಸಲೂ ಇಲ್ಲ, ಏರಿಸಲೂ ಇಲ್ಲ. ಮಾಸ್ತರರ ಮುಖವನ್ನು ನೆಟ್ಟಗೆ ನೋಡಿ ಕೇಳಿದಳು.

“ಸರ, ನಾ ಕಳಿ ಏನ್ರಿ?”

ಅಂದರೆ ಕೇಳಿಸಿತ್ತು. ದೀಪಾವಳಿಯಿಂದ ಮಾರ್ಚಿನವರೆಗೆ ಆ ಮಾತನ್ನು ಇಟ್ಟುಕೊಂಡೇ ಆ ಮೂಲೆಯಲ್ಲಿ ಕುಳಿತಿದ್ದಳು. ನನಗೆ ಕಣ್ಣಲ್ಲಿ ನೀರು ಬಂತು. ಅಂಚೆಯ ನಿಯಮದಲ್ಲಿ ಅದಕ್ಕೇನೂ ಅಡ್ಡಿಯಿಲ್ಲ.

ಮಾಸ್ತರರು ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. “ಅಲ್ಲವ್ವಾ. ಅವ್ರು ಅಂದಾಗ ಬಾಯಿ ಮುಚ್ಕೊಂಡ್ ನಿಂತಿದ್ನೆಲ್ಲ, ನಾ ಕಳಿ. ನೀ ಅಲ್ಲ. ನಡಿ, ನಿನ್ನ ಪೆನ್ಸಿಲ್ ಅಲ್ಲೇ ಐತಿ.”

ಹುಡುಗಿ ಗಂಟನ್ನು ಅಜ್ಜಿಯ ಕೈಗೆ ಕೊಟ್ಟಳು. ಟಂಟಂ ಅವಳನ್ನು ಬಿಟ್ಟು ಹೋಯಿತು. ನಾವು ಮೂವರೂ ಶಾಲೆಗೆ ಬಂದಾಗ ಹತ್ತು ಐವತ್ತಾಗಿತ್ತು. ಗವಿಸಿದ್ದೇಶ ಕೈಗಡಿಯಾರ ನೋಡಿ ನೋಡಿ ಸೋತಿದ್ದರು. ಕಿಟಕಿಯಲ್ಲಿದ್ದ ಜನರ ನಡುವೆ ಪಿಸುಮಾತು ಎದ್ದಿತು, ವಿರೂಪಾಕ್ಷಪ್ಪನವರ ಮುಖ ಕಪ್ಪಿಟ್ಟಿತು. ನಾನು ಸಾಕ್ಷಿಯ ಕುರ್ಚಿಯಲ್ಲಿ ಕುಳಿತು, “ಈಗ ಒಡೀರಿ,” ಅಂದೆ.

ಯುಗಾದಿಗೆ ಮೂರು ದಿನ ಮೊದಲು ಫಲಿತಾಂಶದ ಕಾಗದ ನನ್ನ ಕೈಗೇ ಬಂತು. ಒಡೆಯದೆ ತಲುಪಿಸಿದೆ. ಹೇಮಾವತಿ ಟೀಚರು ಒಡೆದು ನನಗೂ ಓದಿ ಹೇಳಿದರು. ಹದಿನೆಂಟು ಮಕ್ಕಳ ಸರಾಸರಿ ಅರವತ್ತೆರಡು. ಮೆಹರಾಜಳಿಗೆ ಹನ್ನೊಂದು. ಅದನ್ನೂ ಸೇರಿಸಿದರೆ ಐವತ್ತೊಂಬತ್ತು ಚಿಲ್ಲರೆ. ಅನುದಾನ ಇಲ್ಲ, ಮಾಸ್ತರರಿಗೆ ಹೆಚ್ಚಿಗೆ ಪಗಾರವೂ ಇಲ್ಲ.

ಮಾಸ್ತರರು ಆ ಸಂಜೆಯೇ ಉಮರಸಾಬನ ಅಂಗಡಿಗೆ ಹೋಗಿ, ಬೆಂಚಿನ ಮೇಲೆ ಕೂರದೆ ನಿಂತುಕೊಂಡೇ ಎಲ್ಲ ಒಪ್ಪಿಕೊಂಡರು. ಸುತ್ತೋಲೆ ತೆಗೆದು ಎರಡನೇ ಪುಟ ಓದಿದರು. ಇದರಲ್ಲಿ ಪಾಲೂ ಇಲ್ಲ, ಅರ್ಧವೂ ಇಲ್ಲ, ನಷ್ಟವಂತೂ ಇಲ್ಲವೇ ಇಲ್ಲ, ತಮ್ಮ ಪಗಾರ ಮೊದಲಿನಂತೆ ಬರುತ್ತದೆ ಎಂದು ಬಿಡಿಸಿ ಹೇಳಿದರು. ಅಷ್ಟು ಸ್ಪಷ್ಟವಾಗಿ, ಅಷ್ಟು ಸತ್ಯವಾಗಿ ಅವರು ಹಿಂದೆಂದೂ ಮಾತಾಡಿರಲಿಲ್ಲ. ಅವರ ಒಂದು ಮಾತನ್ನೂ ಊರು ನಂಬಲಿಲ್ಲ.

“ಪಾಪ,” ಎಂದ ಉಮರಸಾಬ, ಅವರು ಹೋದ ಮೇಲೆ. “ಬೆಳಿ ಹೋತಂತ ನಮಗ ನಷ್ಟ ಹತ್ತಬಾರ್ದು ಅಂತ ಪಾಲೇ ಇಲ್ಲ ಅಂತಾರ. ದೊಡ್ಡ ಮನಷ್ಯ.” ವಿರೂಪಾಕ್ಷಪ್ಪನವರು ಮಾತ್ರ ಎದ್ದು, ಹೊಸ ಅಂಕದ ಹಾಳೆ ಹಚ್ಚಿದ ಶಾಲೆಯ ಗೋಡೆಯ ಕಡೆ ನಡೆದರು.

ಅನೀಸಾ ನನ್ನ ಬಳಿ ಬಂದು, “ಸುರೇಖಕ್ಕ, ಕಿನ್ನಾಳದವರಿಗೆ ತೊಟ್ಲಾ ಬ್ಯಾಡಂತ ಒಂದ್ ಕಾಗದ ಹಾಕಿಬಿಡ್ರಿ,” ಅಂದಳು. ಅತ್ತಳೇನೋ ಎಂದು ಮುಖ ನೋಡಿದೆ. “ನನ್ನ ನಾಕೂ ಮಕ್ಕಳು ಸೀರಿ ಜೋಳಗ್ಯಾಗ ಬೆಳದ್ವು. ಇದಕ್ಕೇನಾಗತೈತಿ? ಆ ಕೂಸು ಹಂಗ ಹೋಗಿದ್ರ ಇವ್ರಿಗೆ ನಿದ್ದಿ ಬರ್ತಿರಲಿಲ್ಲಕ್ಕ. ಇವ್ರಿಗೆ ನಿದ್ದಿ ಭಾಳ ಮುಖ್ಯ,” ಎಂದು ನಕ್ಕಳು.

ಯುಗಾದಿಯ ದಿನ ಬೆಳಿಗ್ಗೆ ಬೇವು ಬೆಲ್ಲ ಹಂಚಿ ಮುಗಿಸಿದ್ದೆ. ಬೀದಿಯಲ್ಲಿ ಗದ್ದಲವಾಯಿತು. ಹೊರಗೆ ಬಂದು ನೋಡಿದರೆ ಮುಂದೆ ವಿರೂಪಾಕ್ಷಪ್ಪ, ಹಿಂದೆ ಹದಿನೆಂಟು ಮನೆಯವರು. ಎಲ್ಲರ ತಲೆಯ ಮೇಲೂ ಏನೋ ಹೊರೆ.

ಜಿಲಾನಿ ಮಾಸ್ತರರು ಬನಿಯನ್ ಮೇಲೆಯೇ ಹೊರಗೆ ಬಂದರು. “ತಪ್ಪಾಗೇತ್ರಿ ವಿರೂಪಾಕ್ಷಪ್ಪನವರ. ಆವತ್ತ ಹೇಳೀನಿ, ಈಗೂ ಹೇಳ್ತೀನಿ…”

“ನೀವು ಸುಮ್ನಿರ್ರಿ,” ಎಂದರು ವಿರೂಪಾಕ್ಷಪ್ಪ. ತಲೆಯ ಚೀಲ ಇಳಿಸಿ ಮಾಸ್ತರರ ಕಟ್ಟೆಯ ಮೇಲಿಟ್ಟರು. ಚೀಲದ ಬಾಯಿ ಬಿಚ್ಚಿದರೆ ಹೊಸ ಬಿಳಿಜೋಳ. “ಬೆಳಿ ಬಂದಾಗ ಪಾಲು ಕೇಳಾವ್ರು, ಬೆಳಿ ಹೋದಾಗ ಮಾರಿ ತಪ್ಪಿಸಿದ್ರ ಅದು ಮನಷ್ಯಾರ ಲಕ್ಷಣ ಅಲ್ಲ. ನಷ್ಟಾನೂ ಅರ್ಧ ಅಂತ ಮಾತಾಗೇತಿ. ತಗೋರಿ.”

ಒಬ್ಬೊಬ್ಬರಾಗಿ ಸುರಿದರು. ಯಾರದು ಒಂದು ಬುಟ್ಟಿ, ಯಾರದು ಎರಡು. ಕಸ್ತೂರೆಮ್ಮ ಜೋಳದ ಜೊತೆ ಒಂದು ಡಬ್ಬಿ ಎಣ್ಣೆಯನ್ನೂ ಇಟ್ಟಳು. ಹೇಮಾವತಿ ಟೀಚರು ಓಡಿ ಬಂದರು.

“ಅಧ್ಯಕ್ಷರ, ಬ್ಯಾಡ್ರಿ! ಸರಕಾರಿ ನೌಕರರು ಕಾಣಿಕಿ ತಗೊಳ್ಳಂಗಿಲ್ರಿ. ನಿಯಮ ಐತಿ.”

“ಕಾಣಿಕಿ ಯಾರ ಕೊಡ್ತಾರ್ರಿ?” ಎಂದರು ವಿರೂಪಾಕ್ಷಪ್ಪ. “ಇದು ನಷ್ಟ. ನಷ್ಟ ತಗೊಳ್ಳಂಗಿಲ್ಲ ಅಂತ ಎಲ್ಲಿ ಬರದೈತಿ, ತೋರಸ್ರಿ.”

ಟೀಚರು ನನ್ನ ಮುಖ ನೋಡಿದರು. ಊರಿನಲ್ಲಿ ನಿಯಮಕ್ಕೆ ನಾನೇ ಕೊನೆಯ ಕಚೇರಿ. ಬಹಳ ಯೋಚಿಸಿದೆ. ನಷ್ಟ ತೆಗೆದುಕೊಳ್ಳಬಾರದೆಂದು ಎಲ್ಲೂ ಬರೆದದ್ದು ನೆನಪಾಗಲಿಲ್ಲ, ಹಾಗೆಂದು ಹೇಳಿದೆ.

ಎಲ್ಲರ ಹಿಂದೆ ಹಸನಬೀ ನಿಂತಿದ್ದಳು. ಮಡಿಲಲ್ಲಿ ಒಂದು ಸೇರು ಜೋಳ, ಪಕ್ಕದಲ್ಲಿ ಮೆಹರಾಜ. ಜನ ದಾರಿ ಬಿಟ್ಟರು. ವಿರೂಪಾಕ್ಷಪ್ಪ ಹುಡುಗಿಯ ಕಡೆ ತಿರುಗಿದರು. ಈಗೇನು ಅನ್ನುತ್ತಾರೋ ಎಂದು ನಾನು ಅವಳ ಹತ್ತಿರ ಸರಿದು ನಿಂತೆ.

“ಮೂರ್ ದಿನಾತು, ಸಾಲಿ ಗೋಡಿ ಮ್ಯಾಲಿನ ಹಾಳಿ ನೋಡಾಕ ಹತ್ತೀನಿ,” ಎಂದರು ಅವರು, ಊರಿಗೆಲ್ಲ ಕೇಳುವಂತೆ. “ನನ್ನ ಮೊಮ್ಮಗ ಜೂನಿನ್ಯಾಗ ಎಪ್ಪತ್ತಿದ್ದ. ಹಾಲು, ಬಾದಾಮಿ ತಿಂದು ಮಾರ್ಚಿಗೆ ಎಪ್ಪತ್ತೊಂದಾದ. ಈ ಕೂಸು ಸೊನ್ನಿ ಇತ್ತು. ಮೂರ್ ತಿಂಗಳು ಸಾಲಿ ಕಾಣದ, ರೊಟ್ಟಿ ಚಟ್ನಿ ತಿಂದು ಹನ್ನೊಂದಾತು. ನಲವತ್ತು ವರ್ಷ ಒಕ್ಕಲುತನ ಮಾಡೀನಿ. ಎಪ್ಪತ್ತು ಬಿತ್ತಿ ಎಪ್ಪತ್ತೊಂದು ಬೆಳ್ಯೋ ಹೊಲ ಛಲೋನೋ, ಏನೂ ಬಿತ್ತದ ಹನ್ನೊಂದು ಬೆಳ್ಯೋ ಹೊಲ ಛಲೋನೋ? ಸರಕಾರದವ್ರಿಗೆ ಹೊಲ ನೋಡಾಕ ಬರಂಗಿಲ್ಲ.” ಆಮೇಲೆ ದನಿ ಇಳಿಯಿತು. “ನನಗೂ ಬಂದಿಲ್ಲ ಬಿಡ್ರಿ.”

ಅಷ್ಟು ಹೇಳಿ ಹಸನಬೀಯ ಮಡಿಲಿನ ಜೋಳಕ್ಕೆ ಕೈ ಅಡ್ಡ ಹಿಡಿದರು. “ನೀವ್ ಹಾಕಂಗಿಲ್ಲವ್ವಾ. ನಿಮ್ಮ ಹೊಲದಾಗ ನಷ್ಟ ಆಗಿಲ್ಲ.” ಮಾಸ್ತರರ ಕಡೆ ತಿರುಗಿದರು. “ಮುಂದಿನ ವರ್ಷಕ್ಕೂ ನೀವ ಮಾಡ್ರಿ. ಹತ್ತೊಂಬತ್ತೂ.”

ಮಾಸ್ತರರು ಬಾಯಿ ತೆರೆದರು. ಪಾಲೆಂಬುದೇ ಇಲ್ಲ ಎಂದು ಮತ್ತೊಮ್ಮೆ ವಿವರಿಸಲು ಹೊರಟಿದ್ದರೆಂದು ಕಾಣುತ್ತದೆ. ಅನೀಸಾ ಬಾಗಿಲ ಹಿಂದಿನಿಂದ ಅವರ ಬನಿಯನ್ ಹಿಡಿದು ಜಗ್ಗಿದಳು. “ಆತ್ರಿ,” ಅಂದರು ಮಾಸ್ತರರು.

ಮರುದಿನ ಅಂಚೆ ಕಚೇರಿಗೆ ಮೆಹರಾಜ ಬಂದಳು. ಒಂದು ಕಾರ್ಡು ಕೊಂಡು, ನನ್ನ ಮೇಜಿನ ಮೂಲೆ ಹಿಡಿದು ನಿಂತುಕೊಂಡೇ ಬರೆದಳು. ಅರ್ಧ ತಾಸು ಹಿಡಿಯಿತು. ಪೆನ್ಸಿಲು ಕಚ್ಚುವುದು, ಒಂದು ಅಕ್ಷರ, ಮತ್ತೆ ಕಚ್ಚುವುದು. ವಿಳಾಸಕ್ಕೆ ತಾಯಿಯ ಹೆಸರು, ಗದ್ದೆಯ ಒಡೆಯರ ಹೆಸರು, ಗಂಗಾವತಿ. ಪಿನ್‌ಕೋಡ್ ಇರಲಿಲ್ಲ. ನಾನೇ ಬರೆದೆ. ಇನ್ನೊಂದು ನಿಯಮವನ್ನೂ ಅವತ್ತೇ ಮುರಿದೆ, ಸುಳ್ಳೇಕೆ ಹೇಳಲಿ, ಕಾರ್ಡನ್ನು ಓದಿದೆ.

‘ಅಮ್ಮಿ, ನಾ ಕಳಿ ಅಲ್ಲಂತ. ಸರ ಹೇಳ್ಯಾರ. ಇನ್ನ ನಾಟಿಗೆ ನಾ ಬರಂಗಿಲ್ಲ. ಸಾಲಿ ಐತಿ.’

“ನಿಮ್ಮ ಅಮ್ಮಿಗೆ ಓದಾಕ ಬರತೈತೇನ?” ಎಂದು ಕೇಳಿದೆ.

“ಇಲ್ರಿ.”

“ಮತ್ತ ಯಾಕ ಬರದಿ?”

ಹುಡುಗಿ ನನಗೆ ತಿಳಿವಳಿಕೆ ಕಡಿಮೆ ಎಂಬಂತೆ ನೋಡಿದಳು. “ಅಮ್ಮಿ ಊರಿಗೆ ಬರಾಗ ಕಾರ್ಡ್ ತಗೊಂಡ್ ಬರ್ತಾಳ್ರಿ. ಆಗ ನಾನ ಓದಿ ಹೇಳ್ತೀನ್ರಿ.”

ನಾನು ಮುದ್ರೆ ಒತ್ತಿದೆ.